ಕವಿವಾಕ್ಯವೂ ಹವಾಗುಣದ ಇತಿಹಾಸವೂ: ಝು ಕೆಝೆನ್ನರ ಪ್ರಬಂಧದ ವಿಮರ್ಶೆ

೧

ಶೀತೋಷ್ಣಗಳನ್ನು ಅಳೆಯುವ ಉಷ್ಣಮಾಪಕಯಂತ್ರವು ಹದಿನೇಳನೆಯ ಶತಮಾನದಲ್ಲಿ ಬಳಕೆಗೆ ಬಂದುದು. ಅದರ ನೆರವಿನಿಂದ ಕ್ರಮವಾಗಿ ಬರೆದಿಟ್ಟ ಲೆಕ್ಕಗಳು ಭೂಮಂಡಲದ ಬಹುಭಾಗದಲ್ಲಿ ನೂರೈವತ್ತು ಇನ್ನೂರು ವರ್ಷಗಳಿಂದ ಈಚಿನವು. ಅದಕ್ಕೆ ಹಿಂದಿನ ಸಹಸ್ರಾರು ವರ್ಷಗಳಲ್ಲಿ ಹವಾಗುಣವು ಹೇಗಿದ್ದಿತೆಂಬುದಕ್ಕೆ ಪ್ರತ್ಯಕ್ಷಪ್ರಮಾಣವಿಲ್ಲ. ಆದುದರಿಂದ ಈ ಶಾಸ್ತ್ರದ ವಿದ್ವಾಂಸರು ಎರಡು ಮಾರ್ಗಗಳನ್ನು ಹಿಡಿದಿರುವರು. ಮೊದಲನೆಯದು ಅನುಮಾನ. ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳು, ಗುಹೆಗಳಲ್ಲಿ ತೊಟ್ಟಿಕ್ಕುವ ನೀರಿನಿಂದ ಬೆಳೆಯುವ ಸುಣ್ಣಕಲ್ಲಿನ ಕಂಬಗಳು, ಶೀತಪ್ರದೇಶಗಳಲ್ಲಿ ಪದರಪದರವಾಗಿ ಬಿದ್ದು ಗಟ್ಟಿಯಾದ ಹಿಮ, ಇವು ಅಲ್ಲಿ ಲಿಂಗಗಳು. ಎರಡನೆಯದು ಶಬ್ದ. ಮನುಷ್ಯರು ಬರೆದಿಟ್ಟ ವೃತ್ತಾಂತ, ದಿನಚರಿ, ಕಾವ್ಯ, ಶಾಸನ, ಇವು ಅಲ್ಲಿ ಆಧಾರಗಳು.

ಅನುಮಾನಮಾರ್ಗಕ್ಕೆ ಒಂದು ಉದಾಹರಣೆ ಸಾಕು. ಗ್ರೀನ್‌ಲೆಂಡಿನ ಕ್ಯಾಂಪ್ ಸೆಂಚುರಿ ಎಂಬ ನೆಲೆಯಲ್ಲಿ ೧೯೬೬ರಲ್ಲಿ ಸುಮಾರು ೧೩೯೦ ಮೀಟರು ಆಳದವರೆಗೆ ಕೊರೆದು ಹಿಮದ ಕಂಬವನ್ನು ಹೊರತೆಗೆದರು. ಆಮ್ಲಜನಕದಲ್ಲಿ ಹಗುರವಾದುದು, ಭಾರವಾದುದು ಎಂಬ ಭೇದವುಂಟು. ಹವೆಯು ತಣ್ಣಗಾದಷ್ಟೂ ಅಲ್ಲಿ ಬೀಳುವ ಹಿಮದಲ್ಲಿ ಭಾರವಾದುದರ ಅಂಶವು ಕಡಮೆಯಾಗುವುದು. ಈ ವ್ಯಾಪ್ತಿಯನ್ನು ಆಶ್ರಯಿಸಿ ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗೋರ್ ಎಂಬ ವಿದ್ವಾಂಸರು ಹಿಮದ ಪದರಗಳಿಂದ ಪ್ರಾಚೀನಕಾಲದ ಶೀತೋಷ್ಣಗಳನ್ನು ಊಹಿಸಿದರು. ಹಿಮಕ್ಕೆ ಅಲಂಕಾರಶಾಸ್ತ್ರ ತಿಳಿಯದು. ಯಾರನ್ನೂ ಮೆಚ್ಚಿಸಬೇಕೆಂಬ ಆಶೆಯೂ ಅದಕ್ಕಿಲ್ಲ. ಶಬ್ದಮಾರ್ಗದಲ್ಲಿ ಹಾಗಲ್ಲ. ಅಲ್ಲಿ ವಕ್ತೃವಿದ್ದಾನೆ, ಶ್ರೋತೃವಿದ್ದಾನೆ, ತಾತ್ಪರ್ಯವಿದೆ, ಸಂಪ್ರದಾಯವಿದೆ.

ಈ ಎರಡು ಮಾರ್ಗಗಳನ್ನೂ ಕೂಡಿಸಲು ಯತ್ನಿಸಿದ ಪ್ರಸಿದ್ಧ ಪ್ರಬಂಧವು ಚೀನದ ಹವಾಮಾನಶಾಸ್ತ್ರಜ್ಞರಾದ ಝು ಕೆಝೆನ್ನರದು. ಇವರು ೧೮೯೦ರಲ್ಲಿ ಹುಟ್ಟಿ ೧೯೭೪ರಲ್ಲಿ ಕಾಲವಾದರು. ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ, ಝೆಜಿಯಾಂಗ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿ ೧೯೩೬ರಿಂದ ೧೯೪೯ರವರೆಗೆ ಕೆಲಸಮಾಡಿದರು. ಕಡೆಗಾಲದಲ್ಲಿ ಬರೆದ ಅವರ ಪ್ರಬಂಧವು ಐದು ಸಾವಿರ ವರ್ಷಗಳ ಚೀನದ ಹವಾಗುಣಭೇದಗಳನ್ನು ಕುರಿತದ್ದು. ೧೯೭೨ರಲ್ಲಿ ಪುರಾತತ್ತ್ವದ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಮರುವರ್ಷ ಇಂಗ್ಲಿಷಿನಲ್ಲಿಯೂ ಬಂದಿತು. ಅದರ ಭೌತಶಾಸ್ತ್ರಾಂಶವನ್ನು ಪರೀಕ್ಷಿಸುವ ಅಧಿಕಾರವು ಆ ಶಾಸ್ತ್ರದವರದು. ಆದರೆ ಯಾವ ಶಾಸ್ತ್ರದವರೇ ಆಗಲಿ ಕವಿಯನ್ನು ಸಾಕ್ಷಿಗೆ ಕರೆದ ಪಕ್ಷದಲ್ಲಿ ಆ ಸಾಕ್ಷಿಯನ್ನು ಪ್ರಶ್ನಿಸುವ ಅಧಿಕಾರವು ಸಾಹಿತ್ಯಶಾಸ್ತ್ರಕ್ಕೆ ಸಲ್ಲುವುದು. ಕವಿವಾಕ್ಯವು ಎಲ್ಲಿ ಪ್ರಮಾಣವಾಗಬಲ್ಲದು, ಎಲ್ಲಿ ಆಗಲಾರದು ಎಂಬ ಒಂದೇ ಪ್ರಶ್ನೆಯು ಈ ಲೇಖನದ ವಿಷಯ.

೨

ಮೊದಲು ಪೂರ್ವಪಕ್ಷವನ್ನು ಯಥಾವತ್ತಾಗಿ ಹೇಳುವುದು ನ್ಯಾಯ. ಝು ಅವರು ಐದು ಸಾವಿರ ವರ್ಷಗಳನ್ನು ಆಧಾರಭೇದದಿಂದ ನಾಲ್ಕಾಗಿ ವಿಭಾಗಿಸಿರುವರು. ಕ್ರಿ. ಪೂ. ೩೦೦೦ದಿಂದ ೧೧೦೦ರವರೆಗೆ ಪುರಾತತ್ತ್ವದ ಕಾಲ, ಅಲ್ಲಿಂದ ಕ್ರಿ. ಶ. ೧೪೦೦ರವರೆಗೆ ಹೂವು, ಹಕ್ಕಿ, ಹಿಮ ಮೊದಲಾದ ಋತುಚಿಹ್ನೆಗಳ ಕಾಲ. ೧೪೦೦ರಿಂದ ೧೯೦೦ರವರೆಗೆ ಪ್ರಾಂತ್ಯವೃತ್ತಾಂತಗ್ರಂಥಗಳ ಕಾಲ. ತರುವಾಯ ಯಂತ್ರಮಾಪನದ ಕಾಲ. ಷಿಯಾನ್ ಸಮೀಪದ ಬಾನ್‌ಪೋ ಎಂಬಲ್ಲಿ ಬಿದಿರಿಲಿಯ ಮೂಳೆಗಳೂ, ಆನ್ಯಾಂಗಿನಲ್ಲಿ ಬಿದಿರಿಲಿ, ಎಮ್ಮೆ, ಆನೆ ಇವುಗಳ ಮೂಳೆಗಳೂ ದೊರೆತಿರುವುವು. ಇವು ಬೆಚ್ಚನೆಯ ನಾಡಿನ ಪ್ರಾಣಿಗಳಾದುದರಿಂದ ಆ ಕಾಲದಲ್ಲಿ ಉತ್ತರಚೀನದ ವಾರ್ಷಿಕ ಉಷ್ಣತೆಯು ತಮ್ಮ ಕಾಲಕ್ಕಿಂತ ಸುಮಾರು ೨ ಡಿಗ್ರಿ ಹೆಚ್ಚಾಗಿದ್ದಿತೆಂದು ಅವರ ಸಿದ್ಧಾಂತ. ಅನಂತರ ಉಷ್ಣತೆಯು ಏರುತ್ತಲೂ ಇಳಿಯುತ್ತಲೂ ಇದ್ದು, ಕ್ರಿ. ಪೂ. ೧೦೦೦, ಕ್ರಿ. ಶ. ೪೦೦, ೧೨೦೦, ೧೭೦೦ ಈ ಕಾಲಗಳ ಸುತ್ತಿನಲ್ಲಿ ಶೈತ್ಯವು ಅಧಿಕವಾಯಿತೆಂದೂ, ಏರಿಳಿತದ ಪ್ರಮಾಣವು ೧ರಿಂದ ೨ ಡಿಗ್ರಿಯೆಂದೂ ಅವರು ನಿರ್ಣಯಿಸಿರುವರು. ಕಡೆಯಲ್ಲಿ ತಮ್ಮ ರೇಖೆಯನ್ನು ಡಾನ್ಸ್‌ಗೋರ್ ಅವರ ಗ್ರೀನ್‌ಲೆಂಡಿನ ರೇಖೆಯೊಡನೆಯೂ, ನಾರ್ವೆ ದೇಶದ ಹಿಮರೇಖೆಯೊಡನೆಯೂ ಹೋಲಿಸಿ ಸಾಮ್ಯವನ್ನು ತೋರಿಸಿರುವರು.

ಎರಡನೆಯ ಕಾಲಕ್ಕೆ ಅವರ ಮುಖ್ಯಸಾಕ್ಷಿಗಳಲ್ಲೊಂದು ‘ಮೇ’ ಎಂಬ ವೃಕ್ಷ. ಚಳಿಗಾಲವು ಮುಗಿಯುವ ಮುನ್ನವೇ ಹೂಬಿಡುವ ಈ ಮರವು ಚೀನದ ಕವಿಗಳಿಗೆ ಅತ್ಯಂತ ಪ್ರಿಯವಾದುದು. ಇದು ಸೊನ್ನೆಗಿಂತ ೧೪ ಡಿಗ್ರಿ ಕೆಳಗಿನ ಚಳಿಯವರೆಗೆ ಬದುಕಬಲ್ಲದು. ಕಿತ್ತಳೆಯಾದರೋ ೮ ಡಿಗ್ರಿ ಕೆಳಗಿನವರೆಗೆ ಮಾತ್ರ. ಆದುದರಿಂದ ಯಾವ ಊರಿನಲ್ಲಿ ಈ ಮರಗಳು ಇದ್ದುವೋ ಅಲ್ಲಿಯ ಚಳಿಗೆ ಒಂದು ಮೇರೆಯು ಸಿದ್ಧವಾಗುವುದೆಂದು ಅವರ ಯುಕ್ತಿ. ಯುಕ್ತಿಯು ನಿರ್ದುಷ್ಟವಾದುದು. ಮರವು ಅಲ್ಲಿ ಇದ್ದಿತೆಂಬ ಹೇತುವು ಸಿದ್ಧವೋ ಅಸಿದ್ಧವೋ ಎಂಬುದೇ ವಿಚಾರಣೀಯವಾದ ಅಂಶ.

೩

ಈ ವಿಚಾರಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಒಂದು ಸಾಧನವು ಸಿದ್ಧವಾಗಿಯೇ ಇದೆ. ಕ್ರಿ. ಶ. ೯೦೦ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕವಿಸಮಯವನ್ನು ಮೂರು ಬಗೆಯಾಗಿ ವಿವರಿಸಿದ್ದಾನೆ. ಇಲ್ಲದುದನ್ನು ಉಂಟೆಂದು ಹೇಳುವುದು ಒಂದು. ನದಿಗಳಲ್ಲಿ ಕಮಲಗಳನ್ನೂ, ನೀರಿರುವ ಎಡೆಯಲ್ಲೆಲ್ಲ ಹಂಸಗಳನ್ನೂ ವರ್ಣಿಸುವುದು ಇದಕ್ಕೆ ನಿದರ್ಶನ. ಇರುವುದನ್ನು ಹೇಳದೆ ಬಿಡುವುದು ಎರಡನೆಯದು. ವಸಂತದಲ್ಲಿ ಮಾಲತಿಯನ್ನಾಗಲಿ, ಚಂದನವೃಕ್ಷದಲ್ಲಿ ಹೂವುಹಣ್ಣುಗಳನ್ನಾಗಲಿ ವರ್ಣಿಸದಿರುವುದು ಇದಕ್ಕೆ ನಿದರ್ಶನ. ಅನೇಕ ಕಡೆ ಇರುವುದನ್ನು ಒಂದೆಡೆಗೇ ನಿಯಮಿಸುವುದು ಮೂರನೆಯದು. ಕೋಗಿಲೆಯು ಗ್ರೀಷ್ಮದಲ್ಲಿಯೂ ಕೂಗುವುದಾದರೂ ಅದರ ಕೂಗನ್ನು ವಸಂತಕ್ಕೇ ಮೀಸಲುಮಾಡುವುದು ಇದಕ್ಕೆ ನಿದರ್ಶನ.

ಹವಾಗುಣದ ಚರಿತ್ರಕಾರನಿಗೆ ಈ ಮೂರೂ ಎಚ್ಚರಿಕೆಗಳಾಗಬೇಕು. ಮೊದಲನೆಯದರಿಂದ, ಕಾವ್ಯದಲ್ಲಿ ಒಂದು ಮರವು ಕಂಡಿತೆಂದಮಾತ್ರಕ್ಕೆ ನೆಲದಲ್ಲಿ ಅದು ಇದ್ದಿತೆನ್ನಲಾಗದು. ಎರಡನೆಯದರಿಂದ, ಕಾಣಲಿಲ್ಲವೆಂದಮಾತ್ರಕ್ಕೆ ಇರಲಿಲ್ಲವೆನ್ನಲಾಗದು. ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗಲೂ, ಇದ್ದಿದ್ದರೆ ಕಾಣುವ ಯೋಗ್ಯತೆಯುಳ್ಳ ವಸ್ತುವಿನ ವಿಷಯದಲ್ಲಿ ಮಾತ್ರ ಅದನ್ನು ಒಪ್ಪುವರಷ್ಟೆ. ಮೂರನೆಯದರಿಂದ, ಹೂವಿನ ಕಾಲವೂ ಹಕ್ಕಿಯ ಕಾಲವೂ ಕಾವ್ಯದಲ್ಲಿ ಪ್ರಕೃತಿಯ ಪಂಚಾಂಗದಂತಲ್ಲದೆ ಕವಿಗಳ ಪಂಚಾಂಗದಂತೆ ನಡೆಯಬಹುದು. ಚೀನದ ಕವಿಗಳ ಸಮಯವು ನಮ್ಮ ಕವಿಗಳದೇ ಅಲ್ಲವೆಂಬುದು ನಿಜ. ಆದರೆ ಸಂಪ್ರದಾಯವಿಲ್ಲದ ಕಾವ್ಯವು ಯಾವ ದೇಶದಲ್ಲಿಯೂ ಇಲ್ಲ. ದೀರ್ಘವಾದ ಕಾವ್ಯಪರಂಪರೆಯಿರುವೆಡೆ ಸಮಯವೂ ದೃಢವಾಗಿರುವುದು.

೪

ಇನ್ನು ಸಾಕ್ಷಿಗಳನ್ನು ಒಂದೊಂದಾಗಿ ನೋಡೋಣ.

ಷಿ ಜಿಂಗ್ ಎಂಬ ಪ್ರಾಚೀನ ಗೀತಸಂಗ್ರಹದಲ್ಲಿ ಷಿಯಾನ್ ನಗರದ ದಕ್ಷಿಣದಲ್ಲಿರುವ ಝೋಂಗ್‌ನಾನ್ ಪರ್ವತದ ಮರಗಳನ್ನು ಹೇಳುವಾಗ ‘ಮೇ’ ಎಂಬ ಶಬ್ದವಿದೆ. ತಮ್ಮ ಕಾಲದಲ್ಲಿ ಆ ಪರ್ವತದಲ್ಲಿ ಮೇ ವೃಕ್ಷವಿಲ್ಲವಾದುದರಿಂದ ಪೂರ್ವದಲ್ಲಿ ಅಲ್ಲಿ ಹೆಚ್ಚು ಬೆಚ್ಚಗಿದ್ದಿತೆಂದು ಝು ಅವರು ಹೇಳಿರುವರು. ಆದರೆ ಆ ಗೀತಗಳಿಗೆ ಅತಿ ಪ್ರಾಚೀನವಾದ ಮಾವೋ ವ್ಯಾಖ್ಯಾನವು ಆ ಸ್ಥಳದಲ್ಲಿ ‘ಮೇ’ ಶಬ್ದಕ್ಕೆ ‘ನಾನ್’ ಎಂಬ ಬೇರೊಂದು ಮರವೆಂದು ಅರ್ಥಮಾಡಿದೆ. ಅದು ಹೂವಿಗಾಗಿಯಲ್ಲದೆ ದಿಮ್ಮಿಗಾಗಿ ಹೆಸರಾದ ಹೆಮ್ಮರ. ಪರ್ವತದ ಹಿರಿಮೆಯನ್ನು ಹೇಳುವ ಪ್ರಕರಣಕ್ಕೆ ಹೆಮ್ಮರವೇ ಹೆಚ್ಚು ಹೊಂದುವುದು. ನಾನ್ ವೃಕ್ಷವೂ ಬೆಚ್ಚನೆಯ ನಾಡಿನದೇ ಆದುದರಿಂದ ಝು ಅವರ ಸಿದ್ಧಾಂತವು ಇಷ್ಟರಿಂದಲೇ ಬಿದ್ದುಹೋಗುವುದಿಲ್ಲ. ಆದರೆ ೧೪ ಡಿಗ್ರಿಯೆಂಬ ಮೇರೆಯು ಮೇ ವೃಕ್ಷಕ್ಕೆ ಹೇಳಿದುದು. ಶಬ್ದದ ಅರ್ಥವು ಬೇರೆಯಾದರೆ ಆ ಮೇರೆಯೂ ನಿಲ್ಲದು. ಶಬ್ದಾರ್ಥನಿರ್ಣಯವಾಗದೆ ಉಷ್ಣನಿರ್ಣಯವಾಗಲಾರದೆಂಬುದು ಇಲ್ಲಿಯ ಪಾಠ.

ಎರಡನೆಯದು ಒಂದು ಅಕ್ಷರ. ಹೆನಾನ್ ಪ್ರಾಂತಕ್ಕೆ ಪೂರ್ವದಲ್ಲಿದ್ದ ‘ಯು’ ಎಂಬ ಹೆಸರಿನ ಲಿಪಿಚಿಹ್ನೆಯಲ್ಲಿ ಆನೆಯನ್ನು ಸೂಚಿಸುವ ಭಾಗವಿದೆ. ಮನುಷ್ಯನು ಆನೆಯನ್ನು ನಡೆಸಿಕೊಂಡು ಹೋಗುವ ಚಿತ್ರವೇ ಅದೆಂದು ಝು ಅವರು ತಿಳಿದಿರುವರು. ಕ್ರಿ. ಶ. ೧೦೦ರ ಸುಮಾರಿನಲ್ಲಿ ರಚಿತವಾದ ಷುವೋ ವೆನ್ ಎಂಬ ಕೋಶವು ಅದರ ಇನ್ನೊಂದು ಭಾಗವನ್ನು ಕೇವಲ ಧ್ವನಿಸೂಚಕವೆಂದು ಹೇಳುವುದು. ನಿರುಕ್ತವನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ಧಾತುವಿನಿಂದ ಅರ್ಥವನ್ನು ಹಿಂಡಬಹುದು. ಅರ್ಥದಿಂದ ಇತಿಹಾಸವನ್ನು ಹಿಂಡಲು ಹೊರಟಾಗ ಬಹುವೇಳೆ ನಮ್ಮ ಅಪೇಕ್ಷೆಯೇ ತೊಟ್ಟಿಕ್ಕುವುದು. ಆನ್ಯಾಂಗಿನ ಆನೆಯ ಮೂಳೆಗಳೂ, ಆನೆಯನ್ನು ಹಿಡಿದ ಸಂಗತಿಯನ್ನು ಹೇಳುವ ಅಲ್ಲಿಯ ಅಸ್ಥಿಲೇಖವೂ ಇರುವಾಗ ಈ ನಿರ್ವಚನವು ಅನಾವಶ್ಯಕವೂ ಆಗಿದೆ.

ಮೂರನೆಯದು ಟಾಂಗ್ ವಂಶದ ಷುಆನ್‌ಝೋಂಗ್ ಚಕ್ರವರ್ತಿಯ ಪತ್ನಿಯೊಬ್ಬಳ ಕಥೆ. ಅವಳ ನಿವಾಸದ ಸುತ್ತಲೂ ಮೇ ವೃಕ್ಷಗಳಿದ್ದುದರಿಂದ ಅವಳಿಗೆ ಮೇ ರಾಣಿಯೆಂದು ಹೆಸರಾಯಿತೆಂಬುದನ್ನು ಚಾಂಗಾನ್ ರಾಜಧಾನಿಯಲ್ಲಿ ಆ ಮರವಿದ್ದುದಕ್ಕೆ ಸಾಕ್ಷ್ಯವಾಗಿ ತಂದಿದೆ. ಆದರೆ ಆ ವಂಶದ ಅಧಿಕೃತ ಚರಿತ್ರೆಗಳಲ್ಲಿ ಇವಳ ಹೆಸರಿಲ್ಲ. ಇವಳ ವೃತ್ತಾಂತವು ಅನಂತರಕಾಲದ ಕಥೆಯೊಂದರಲ್ಲಿರುವುದು. ಇವಳು ಕಲ್ಪಿತಪಾತ್ರವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ನಾಯಿಕೆಯೇ ಸಂದಿಗ್ಧಳಾದಲ್ಲಿ ಅವಳ ತೋಟದ ಮರಗಳಿಂದ ಚಳಿಯನ್ನು ಅಳೆಯುವುದು ಹೇಗೆ? ಇದಕ್ಕಿಂತ, ಒಂಬತ್ತನೆಯ ಶತಮಾನದ ಆದಿಯಲ್ಲಿದ್ದ ಯುಆನ್ ಝೆನ್ ಕವಿಯು ರಾಜಧಾನಿಯ ಚುಜಿಯಾಂಗ್ ಕೊಳದ ಬಳಿಯ ಮೇ ಹೂವನ್ನು ಹೇಳಿರುವುದು ಬಲವತ್ತರವಾದ ಸಾಕ್ಷ್ಯ. ಅಲ್ಲಿ ಕವಿಯ ಕಾಲವೂ ಸ್ಥಳವೂ ನಿಶ್ಚಿತವಾಗಿರುವುವು.

ನಾಲ್ಕನೆಯದು ಕಿತ್ತಳೆ. ೭೫೧ರಲ್ಲಿ ಅದೇ ಚಕ್ರವರ್ತಿಯ ಅರಮನೆಯೊಳಗೆ ನೆಟ್ಟ ಕೆಲವು ಕಿತ್ತಳೆಗಿಡಗಳು ೧೫೦ ಹಣ್ಣುಗಳನ್ನು ಬಿಟ್ಟುವೆಂದೂ, ಅವು ದಕ್ಷಿಣದಿಂದ ಕಪ್ಪವಾಗಿ ಬರುವ ಹಣ್ಣಿಗೆ ಸಮಾನವಾಗಿದ್ದುವೆಂದೂ ದುಆನ್ ಚೆಂಗ್‌ಷಿ ಎಂಬವನು ಬರೆದಿಟ್ಟಿದ್ದಾನೆ. ಇದರಿಂದ ಆ ಕಾಲದ ಚಾಂಗಾನಿನಲ್ಲಿ ಚಳಿಯು ೮ ಡಿಗ್ರಿಯ ಮೇರೆಯನ್ನು ದಾಟುತ್ತಿರಲಿಲ್ಲವೆಂದು ಊಹೆ. ಪ್ರಕರಣವನ್ನು ಪೂರ್ತಿಯಾಗಿ ಓದಿದರೆ ಬೇರೆಯೇ ಅರ್ಥವು ತೋರುವುದು. ಈ ಸಂಗತಿಯನ್ನು ಕೇಳಿದ ಮಂತ್ರಿಗಳು ಚಕ್ರವರ್ತಿಗೆ ಅಭಿನಂದನಪತ್ರವನ್ನು ಅರ್ಪಿಸಿದರು. ದಕ್ಷಿಣದ ಫಲವು ಉತ್ತರದಲ್ಲಿ ಕಾಯ್ತುದು ಪ್ರಭುವಿನ ಮಹಿಮೆಯೆಂದು ಅದರ ಭಾವ. ಕಿತ್ತಳೆಯು ಹ್ವಾಯ್ ನದಿಯನ್ನು ದಾಟಿದರೆ ಜಾತಿಗೆಟ್ಟು ಹುಳಿಕಾಯಾಗುವುದೆಂಬುದು ಚೀನದಲ್ಲಿ ಹಳೆಯ ನಾಣ್ಣುಡಿ. ಆದುದರಿಂದ ಇದು ಮೀಮಾಂಸಕರು ಹೇಳುವ ಅರ್ಥವಾದ. ಪ್ರಮಾಣಾಂತರಕ್ಕೆ ವಿರುದ್ಧವಾದುದು ಗುಣವಾದ, ಅನ್ಯಪ್ರಮಾಣದಿಂದ ತಿಳಿದುದನ್ನೇ ಹೇಳುವುದು ಅನುವಾದ, ಇವೆರಡೂ ಅಲ್ಲದುದು ಭೂತಾರ್ಥವಾದವೆಂದು ಅವರು ಭೇದಮಾಡುವರು. ಹಣ್ಣು ಬಿಟ್ಟಿತೆಂಬಷ್ಟನ್ನು ಭೂತಾರ್ಥವೆಂದು ಸ್ವೀಕರಿಸಿದರೂ, ಅಭಿನಂದಿಸುವಷ್ಟು ಅಪೂರ್ವವಾಗಿದ್ದಿತೆಂಬುದೂ ಜೊತೆಗೇ ಸಿದ್ಧವಾಗುವುದು. ರಾಜೋದ್ಯಾನದಲ್ಲಿ ಆರೈಕೆಯಿಂದ ಬೆಳೆದ ಕೆಲವು ಗಿಡಗಳು ಬಯಲಿನ ಚಳಿಗೆ ಅಳತೆಗೋಲಾಗಲಾರವು.

ಐದನೆಯದು ಸೋಂಗ್ ಕಾಲದ ಕವಿಗಳು. ಸು ಷಿ ಎಂಬ ಮಹಾಕವಿಯು ಷಿಯಾನ್ ಸುತ್ತಲಿನ ಪ್ರಾಂತದಲ್ಲಿ ಮೇ ವೃಕ್ಷವಿಲ್ಲವೆಂದು ಹೇಳಿದ್ದಾನೆ. ವಾಂಗ್ ಆನ್‌ಷಿಯು ಉತ್ತರದವರು ಮೇ ಹೂವನ್ನು ಜರದಾಳುವಿನ ಹೂವೆಂದು ಭ್ರಮಿಸಿದರೆಂದು ಪರಿಹಾಸ ಮಾಡಿದ್ದಾನೆ. ಇಲ್ಲಿ ಝು ಅವರ ಕೈಗೆ ಉತ್ತಮವಾದ ಸಾಕ್ಷ್ಯವೇ ಸಿಕ್ಕಿತೆಂದು ನನಗೆ ತೋರುವುದು. ಏಕೆಂದರೆ ಪರಿಹಾಸವು ಕವಿಗೂ ಓದುಗನಿಗೂ ಸಮಾನವಾಗಿ ತಿಳಿದ ಸಂಗತಿಯ ಮೇಲೆ ನಿಲ್ಲತಕ್ಕುದು; ಉತ್ತರದಲ್ಲಿ ಮೇ ಅಪರಿಚಿತವೆಂಬುದು ಎಲ್ಲರಿಗೂ ತಿಳಿದಿರದಿದ್ದರೆ ನಗೆಯೇ ಹುಟ್ಟದು. ಹೇಳಿದುದಕ್ಕಿಂತ, ಹೇಳುವುದಕ್ಕೆ ಆಧಾರವಾಗಿ ಒಪ್ಪಿಕೊಂಡುದು ಇಲ್ಲಿ ಬಲವತ್ತರ. ಆದರೂ ಮರವು ಇಲ್ಲದಿರುವುದಕ್ಕೆ ಚಳಿಯೊಂದೇ ಕಾರಣವೆಂದು ಹೇಳಲಾಗದು. ತೋಟಗಾರರ ರುಚಿಭೇದವೂ, ರಾಜಧಾನಿಯು ಬೇರೆಡೆಗೆ ಹೋದ ಮೇಲೆ ಉದ್ಯಾನಗಳು ಹಾಳಾದುದೂ ಅದೇ ಫಲವನ್ನು ಕೊಡಬಲ್ಲುವು. ತಾರ್ಕಿಕರ ಮಾತಿನಲ್ಲಿ ಇದು ಅನ್ಯಥಾಸಿದ್ಧವಾಗುವ ಸಂಭವವುಂಟು.

೫

ಕಾವ್ಯವನ್ನು ಬಿಟ್ಟು ವೃತ್ತಾಂತಗ್ರಂಥಗಳಿಗೆ ಬಂದರೆ ಬೇರೊಂದು ಎಚ್ಚರವು ಬೇಕು. ೬೫೦, ೬೬೯, ೬೭೮ ಈ ವರ್ಷಗಳ ಚಳಿಗಾಲದಲ್ಲಿ ಚಾಂಗಾನಿನಲ್ಲಿ ಹಿಮವೂ ಮಂಜುಗಡ್ಡೆಯೂ ಇರಲಿಲ್ಲವೆಂದೂ, ೧೧೧೧ರಲ್ಲಿ ತಾಯ್‌ಹು ಸರೋವರವು ಗಾಡಿ ನಡೆಯುವಂತೆ ಹೆಪ್ಪುಗಟ್ಟಿತೆಂದೂ, ೧೧೧೦ ಮತ್ತು ೧೧೭೮ರಲ್ಲಿ ಫುಜೋವಿನ ಲಿಚಿಮರಗಳು ಚಳಿಯಿಂದ ಸತ್ತುವೆಂದೂ ಬರೆದಿರುವುದು. ಆದರೆ ಆಸ್ಥಾನದ ಚರಿತ್ರಕಾರರು ಇಂಥವನ್ನು ಉತ್ಪಾತಗಳೆಂದೇ ಬರೆದಿಟ್ಟರು. ನಮ್ಮ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉತ್ಪಾತಗಳಿಗೆ ಪ್ರತ್ಯೇಕವಾದ ಅಧ್ಯಾಯವನ್ನು ಮೀಸಲಿಟ್ಟಿರುವಂತೆ. ಉತ್ಪಾತವೆಂದರೆ ಪ್ರಕೃತಿಯ ವಿಪರ್ಯಾಸ. ವಿಪರ್ಯಾಸಗಳ ಪಟ್ಟಿಯಿಂದ ಪ್ರಕೃತಿಯನ್ನು ಊಹಿಸುವುದಾದರೆ ಬಹುವರ್ಷಗಳ ಕ್ರಮವಾದ ಲೆಕ್ಕವು ಬೇಕು. ೨೦೦೩ರಲ್ಲಿ ಗೆ ಚುವಾನ್‌ಷೆಂಗ್ ಮೊದಲಾದ ಚೀನದ ವಿದ್ವಾಂಸರು ಎರಡು ಸಾವಿರ ವರ್ಷಗಳ ಋತುಚಿಹ್ನೆಗಳನ್ನು ಮತ್ತೆ ಲೆಕ್ಕಹಾಕಿ, ೫೭೦ರ ದಶಕದಿಂದ ೧೩೧೦ರ ದಶಕದವರೆಗಿನದು ಒಟ್ಟಿನಲ್ಲಿ ಬೆಚ್ಚನೆಯ ಯುಗವೆಂದೂ, ನಡುವೆ ಟಾಂಗ್ ವಂಶದ ಕಡೆಗಾಲದಲ್ಲಿ ತಂಪಿನ ಅವಧಿಯೊಂದಿದ್ದಿತೆಂದೂ ಹೇಳಿರುವರು. ಝು ಅವರು ಅತಿಶೀತವೆಂದ ಕ್ರಿ. ಶ. ೧೨೦೦ರ ಸುತ್ತಿನ ಕಾಲವು ಈ ಲೆಕ್ಕದಲ್ಲಿ ಬೆಚ್ಚನೆಯ ಯುಗದೊಳಗೇ ಬೀಳುವುದು. ವಾಕ್ಯಗಳು ಬಹುಮಟ್ಟಿಗೆ ಒಂದೇ ಪರಂಪರೆಯವು; ತೂಗಿದ ತಕ್ಕಡಿ ಬೇರೆ.

ಹಾಗಾದರೆ ಶಬ್ದಮಾರ್ಗವೇ ವ್ಯರ್ಥವೋ ಎಂದರೆ, ಹಾಗಲ್ಲ. ಝು ಅವರ ಪ್ರಬಂಧದಲ್ಲಿಯೇ ಇದಕ್ಕೆ ಉತ್ತರವಿದೆ. ಲ್ಯು ಝೂಚಿಯನ್ ಎಂಬ ಪಂಡಿತನು ೧೧೮೦–೮೧ರಲ್ಲಿ ಜಿನ್‌ಹ್ವಾ ಎಂಬ ಊರಿನಲ್ಲಿದ್ದುಕೊಂಡು ಇಪ್ಪತ್ತುನಾಲ್ಕು ಬಗೆಯ ಗಿಡಗಳು ಹೂಬಿಟ್ಟ ದಿನಗಳನ್ನೂ, ವಸಂತದ ಹಕ್ಕಿಯ ಮೊದಲ ಕೂಗು ಕೇಳಿದ ದಿನವನ್ನೂ ಬರೆದಿಟ್ಟನು. ಅದರಲ್ಲಿ ರಸವಿಲ್ಲ, ಅಲಂಕಾರವಿಲ್ಲ. ದಿನವಿದೆ, ಊರಿದೆ, ಗಿಡದ ಹೆಸರಿದೆ. ಜಪಾನಿನ ಕ್ಯೋಟೋ ನಗರದಲ್ಲಿ ಅರಮನೆಯವರೂ ಮಠವಾಸಿಗಳೂ ಒಂಬತ್ತನೆಯ ಶತಮಾನದಿಂದ ತಮ್ಮ ದಿನಚರಿಗಳಲ್ಲಿ ಸಕುರ ಹೂವಿನ ಉತ್ಸವದ ದಿನಗಳನ್ನು ಬರೆಯುತ್ತ ಬಂದರು. ಇದನ್ನು ಝು ಅವರೂ ಉಪಯೋಗಿಸಿಕೊಂಡಿರುವರು. ತರುವಾಯ ಆವೋನೋ ಯಾಸುಯುಕಿ ಎಂಬ ವಿದ್ವಾಂಸರು ಆ ದಿನಗಳನ್ನು ಶ್ರಮದಿಂದ ಸಂಗ್ರಹಿಸಿ ಮಾರ್ಚ್ ತಿಂಗಳ ಉಷ್ಣತೆಯನ್ನು ಕಂಡುಹಿಡಿದರು. ೨೦೨೧ರಲ್ಲಿ ಮಾರ್ಚ್ ೨೬ರಂದು ಹೂವು ತುಂಬಿ ಅರಳಿತು. ಅದುವರೆಗಿನ ಸಾವಿರಕ್ಕೆ ಮೀರಿದ ವರ್ಷಗಳ ಲೆಕ್ಕದಲ್ಲಿ ಅಷ್ಟು ಮುಂಚೆ ಅರಳಿದುದಿಲ್ಲ. ದಿನಚರಿಯ ಕರ್ತೃಗಳಿಗೆ ಹವಾಗುಣವನ್ನು ತಿಳಿಸಬೇಕೆಂಬ ತಾತ್ಪರ್ಯವಿರಲಿಲ್ಲ. ಆದುದರಿಂದಲೇ ಅವರ ಮಾತು ನಂಬತಕ್ಕುದು.

ಇದರಿಂದ ಒಂದು ವಿಚಿತ್ರವಾದ ನಿರ್ಣಯವು ಒದಗುವುದು. ಈ ಶಾಸ್ತ್ರದಲ್ಲಿ ಕಾವ್ಯವು ಎಷ್ಟು ಉತ್ತಮವೋ ಸಾಮಾನ್ಯವಾಗಿ ಸಾಕ್ಷ್ಯವು ಅಷ್ಟು ದುರ್ಬಲ. ಋತುವನ್ನು ವರ್ಣಿಸಲೆಂದೇ ಹೊರಟ ಪದ್ಯಕ್ಕಿಂತ, ಬೇರೊಂದನ್ನು ಹೇಳುತ್ತ ಋತುವನ್ನು ತಾಕಿಹೋದ ಪದ್ಯವು ಮೇಲು. ಪದ್ಯಕ್ಕಿಂತ ಪದ್ಯದ ತಲೆಬರಹದ ದಿನಾಂಕವು ಮೇಲು. ಅದಕ್ಕಿಂತಲೂ ನೀರಸವಾದ ದಿನಚರಿಯು ಮೇಲು. ಸಹೃದಯರಿಗೆ ಇದು ಅಪ್ರಿಯವಾಗಬೇಕಾಗಿಲ್ಲ. ಕಾವ್ಯದ ಸತ್ಯವು ಉಷ್ಣಮಾಪಕದ ಸತ್ಯವಲ್ಲವೆಂಬುದೇ ಇದರಿಂದ ದೃಢವಾಗುವುದು.

೬

ನಮ್ಮ ನಾಡಿನಲ್ಲಿ ಈ ಮಾರ್ಗವನ್ನು ಹಿಡಿಯಬಯಸುವವರಿಗೆ ಒಂದು ಮಾತು. ಋತುವರ್ಣನೆಯು ಮಹಾಕಾವ್ಯದ ಲಕ್ಷಣಗಳಲ್ಲೊಂದೆಂದು ದಂಡಿಯು ಹೇಳಿದ್ದಾನೆ. ನಮ್ಮ ಚಂಪೂಕವಿಗಳು ಅಷ್ಟಾದಶವರ್ಣನೆಗಳನ್ನು ವ್ರತದಂತೆ ಪಾಲಿಸಿದರು. ಹೇಮಂತದಲ್ಲಿ ಕಮಲಗಳು ಹಿಮದಿಂದ ಸೀದುಹೋಗುವುದು ಆ ವರ್ಣನೆಯಲ್ಲಿ ರೂಢಿ. ಅದನ್ನು ನಂಬಿ ತುಂಗಭದ್ರೆಯ ತೀರದಲ್ಲಿ ಹಿಮಪಾತವಾಗುತ್ತಿದ್ದಿತೆಂದು ಹೇಳುವವರು ಯಾರೂ ಇರಲಾರರು. ನಮಗೆ ಮುಖ್ಯವಾದುದು ಶೀತೋಷ್ಣಕ್ಕಿಂತ ಮಳೆ. ಅದರ ಸಾಕ್ಷ್ಯವನ್ನು ಹುಡುಕಬೇಕಾದುದು ಕೆರೆಗಳನ್ನು ಕಟ್ಟಿಸಿದ, ಒಡೆದ ಏರಿಯನ್ನು ಮತ್ತೆ ಹಾಕಿಸಿದ ಸಂಗತಿಯನ್ನು ಕಾಲಸಹಿತವಾಗಿ ಹೇಳುವ ಶಾಸನಗಳಲ್ಲಿ. ಛತ್ತೀಸಗಢದ ದಂಡಕ ಗುಹೆಯ ಸುಣ್ಣಕಲ್ಲನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಕ್ರಿ. ಶ. ೬೦೦ರಿಂದ ೧೫೦೦ರವರೆಗಿನ ಮುಂಗಾರಿನ ಏರಿಳಿತವನ್ನು ತಿಳಿಸಿ, ಹದಿನಾಲ್ಕನೆಯ ಶತಮಾನದಲ್ಲಿ ಮಳೆಯು ದುರ್ಬಲವಾಗಿದ್ದಿತೆಂದು ತೋರಿಸಿದೆ. ಅದೇ ಶತಮಾನದ ನಮ್ಮ ಕೆರೆಶಾಸನಗಳನ್ನು ಅದರ ಪಕ್ಕದಲ್ಲಿಟ್ಟು ಓದುವುದು ಶಾಸನಜ್ಞರಿಗೆ ಯೋಗ್ಯವಾದ ಕಾರ್ಯ.

ಪೂರ್ವಕಾಲದಲ್ಲಿಯೂ ಬೆಚ್ಚಗಿದ್ದಿತಾದುದರಿಂದ ಈಗಿನ ತಾಪವು ಚಿಂತಿಸತಕ್ಕುದಲ್ಲವೆಂದು ವಾದಿಸುವವರೂ ಉಂಟು. ಅವರಿಗೆ ಟಾಂಗ್ ಕಾಲದ ಕಿತ್ತಳೆಯು ಅನುಕೂಲವಾದ ದೃಷ್ಟಾಂತ. ೨೦೧೧ರಿಂದ ೨೦೨೦ರವರೆಗಿನ ದ��ಕದಲ್ಲಿ ಭೂಮಿಯ ಮೇಲ್ಮೈಯ ಉಷ್ಣತೆಯು ೧೮೫೦–೧೯೦೦ರ ಕಾಲಕ್ಕಿಂತ ೧.೦೯ ಡಿಗ್ರಿ ಹೆಚ್ಚಾಗಿದ್ದಿತೆಂದು ನಾನಾ ದೇಶಗಳ ಸರಕಾರಗಳು ನಿಯಮಿಸಿದ ವಿದ್ವನ್ಮಂಡಲಿಯು ೨೦೨೧ರಲ್ಲಿ ತಿಳಿಸಿದೆ. ಇದು ಭೂಮಂಡಲದ ಒಟ್ಟು ಲೆಕ್ಕ. ಅದು ಒಂದು ಅರಮನೆಯ ತೋಟದ ಲೆಕ್ಕ. ಒಂದರಿಂದ ಇನ್ನೊಂದನ್ನು ಖಂಡಿಸಹೊರಡುವುದು ಹೇತ್ವಾಭಾಸ. ಕವಿವಾಕ್ಯವನ್ನು ಅದರ ತಾತ್ಪರ್ಯದಿಂದ ಕಿತ್ತು ಬಳಸಿದರೆ ಅನರ್ಥವು ಸಾಹಿತ್ಯಕ್ಕೆ ಮಾತ್ರವಲ್ಲವೆಂಬುದಕ್ಕೆ ಇದೇ ನಿದರ್ಶನ.

ಝು ಕೆಝೆನ್ನರ ಪ್ರಬಂಧದಲ್ಲಿ ದೋಷಗಳಿರುವುವು. ಅವನ್ನು ಅವರ ದೇಶದ ವಿದ್ವಾಂಸರೇ ತಿದ್ದುತ್ತ ಬಂದಿರುವರು. ಆದರೆ ಗ್ರಂಥಭಂಡಾರದ ಬಾಗಿಲನ್ನು ಹವಾಮಾನಶಾಸ್ತ್ರಕ್ಕೆ ತೆರೆದುಕೊಟ್ಟ ಕೀರ್ತಿಯು ಅವರದು. ಆ ಬಾಗಿಲಿನೊಳಗೆ ಬರುವ ಶಾಸ್ತ್ರಜ್ಞರಿಗೆ ಯಾವ ಓಲೆಯನ್ನು ನಂಬಬಹುದು, ಯಾವುದನ್ನು ಸವಿಯಬಹುದು ಎಂದು ವಿಂಗಡಿಸಿ ಹೇಳುವ ಹೊಣೆಯು ಸಾಹಿತ್ಯದ ಅಧ್ಯಾಪಕರಾದ ನಮ್ಮದು.